ಒಂದು ಎಲೆಅಡಿಕೆ ಹೊತ್ತು

ಅರ್ಧ ಅಂಗಳ ಸಾರಿಸಿ ಮುಗಿಸಿದ್ದೆ. ಸಗಣಿ ನೀರು ಮೊಣಕೈವರೆಗೂ ಮೆತ್ತಿತ್ತು. ಅಷ್ಟರಲ್ಲಿ ಒಳಗೆ ಫೋನು ಬಡಕೊಳ್ಳತೊಡಗಿತು.

"ಚಿನ್ನಕ್ಕಾ, ಯಾರು ನೋಡೇ," ಅಂದೆ.

ಚಿನ್ನಕ್ಕ ನನ್ನ ಓರಗಿತ್ತಿ. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಮನೆಗೆ ಬಂದವರು ನಾವು. ಅವರಿಬ್ಬರೂ ಹೋದ ಮೇಲೂ ದಿನಾ ಜಗಳ ಆಡಿಕೊಂಡು ಒಟ್ಟಿಗೇ ಇದ್ದೇವೆ. ಅವಳು ಫೋನನ್ನು ದೂರ ಹಿಡಿದುಕೊಂಡೇ ಹೊರಗೆ ಬಂದಳು.

"ನಿಮ್ಮ ಐಸಿನ ಆಫೀಸು. ಐಸು ಬಂದೈತಂತೆ."

"ಐಸು ಬರೋದೇನು? ಅದು ಅಲ್ಲೇ ಇರಬೇಕಾದ್ದು. ಅದಕ್ಕೇ ಅಲ್ವಾ ಇಷ್ಟು ವರ್ಷ ನೀರು ಕಟ್ಟಿದ್ದು?"

"ನಂಗೇನು ಗೊತ್ತಮ್ಮಾ. ಪೆಟ್ಟಿಗೇಲಿ ಹಾಕಿ ಕಳಿಸವ್ರಂತೆ. ನಿನ್ನ ಕೊನೆ ಗದ್ದೇದು. ನಲವತ್ತೊಂದು ಅಂದ್ರು. ನಾಳೆ ಬೆಳಗ್ಗೆ ಕೊಯ್ದು ನೋಡ್ತಾರಂತೆ, ನೀವು ಆರೂ ಜನ ಬರಬೇಕಂತೆ."

ನಲವತ್ತೊಂದು ಅಂದ ಕೂಡಲೇ ನನ್ನ ಕೈ ಅಲ್ಲೇ ನಿಂತಿತು. ಚಿನ್ನಕ್ಕ ಅದನ್ನು ನೋಡಿದಳು. ನೋಡಿ ಒಳಗೆ ಹೋದಳು. ಅವಳು ಜಗಳ ತೆಗೆಯದೆ ಹೋದಳು ಅಂದರೆ ವಿಷಯ ದೊಡ್ಡದೇ ಅಂತ ಲೆಕ್ಕ.

ಮಿಕ್ಕ ಅಂಗಳವನ್ನು ನಿಧಾನವಾಗಿ ಸಾರಿಸಿದೆ. ಸಾರಿಸುವವರಿಗೆ ಗೊತ್ತು, ತೆಳ್ಳಗೆ ಎಳೆಯಬೇಕು, ಒಣಗಲು ಬಿಡಬೇಕು, ಆಮೇಲೆ ಇನ್ನೊಂದು ಕೈ. ಅವಸರಕ್ಕೆ ಬಿದ್ದು ಒಂದೇ ಸಲ ದಪ್ಪಗೆ ಹಾಕಿದರೆ ಮೇಲೆ ಒಣಗಿ ಹಪ್ಪಳದಂತಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ನೋಡುವವರಿಗೆ ಗಟ್ಟಿ ನೆಲ. ಕಾಲಿಟ್ಟರೆ ಕಿತ್ತು ಬರುತ್ತದೆ. ಅಂಗಳಕ್ಕೆ ಹೇಗೋ ಐಸಿಗೂ ಹಾಗೇ. ಇಷ್ಟು ಗೊತ್ತಿದ್ದೂ ಏಳು ವರ್ಷದ ಹಿಂದೆ ಒಂದು ದಿನ ನಾನು ದಪ್ಪಗೆ ಹಾಕಿಬಿಟ್ಟಿದ್ದೆ.

ನಾನು ನೀರುಗಂಟಿ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚಿ ಕಟ್ಟುವ ಕೆಲಸ. ಮಾವನಿಂದ ಗಂಡನಿಗೆ, ಗಂಡ ಹೋದ ಮೇಲೆ ನನಗೆ ಬಂತು. ಮುಳಬಾಗಿಲು ಸೀಮೆಯಲ್ಲಿ ಕೆರೆಗಳು ಬಹಳ, ನೀರು ಕಡಿಮೆ. ಹೀಗಾಗಿ ಹಂಚುವವರ ಕಣ್ಣು ಚುರುಕಾಗಿರಬೇಕು. ನೀರು ಎಲ್ಲಿ ಓಡುತ್ತೆ, ಎಲ್ಲಿ ಇಂಗುತ್ತೆ, ಯಾವ ಬದು ನೀರು ಸೋರುವ ಕಳ್ಳ ಬದು, ಎಲ್ಲ ಕಣ್ಣಲ್ಲೇ ತಿಳಿಯಬೇಕು.

ಭೂಮಿಯ ಉತ್ತರ ತುದಿಯಲ್ಲಿ ಸಮುದ್ರದ ಮೇಲೆ ಐಸು ತೇಲುತ್ತದೆ ಅನ್ನುವುದೇ ನನಗೆ ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಅದು ವರ್ಷ ವರ್ಷ ಕರಗಿ ತೆಳ್ಳಗಾಗುತ್ತಿತ್ತಂತೆ. ಕರಗಿದರೆ ನಮಗೇನು ಅಂತ ಐಸಿನ ಕೆಲಸಕ್ಕೆ ಸೇರಿದ ಮೊದಲ ದಿನವೇ ನಮ್ಮ ಕದಿರಪ್ಪ ಕೇಳಿದ್ದ. ಅವನೂ ನೀರುಗಂಟಿ, ನಮ್ಮ ಪಕ್ಕದ ಕೆರೆಯವನು. ಆಗ ಐಸಿನ ಕೇಂದ್ರದ ಮುಖ್ಯಸ್ಥೆ ವಾರಿಜಾ ಮೇಡಂ ನಮ್ಮನ್ನೆಲ್ಲ ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. ಸುಣ್ಣ ಬಳಿದ ಕಡೆ ನಿಂತೆವು, ಕಾಲು ತಡೆಯಿತು. ಪಕ್ಕದ ಕರಿ ಚಪ್ಪಡಿ ಮೇಲೆ ಕಾಲಿಟ್ಟೆವು, ಕುಣಿದುಬಿಟ್ಟೆವು.

"ಐಸು ಸುಣ್ಣ ಇದ್ದ ಹಾಗೆ," ಅಂದರು ಮೇಡಂ. "ಬಿಸಿಲನ್ನ ವಾಪಸ್ ಕಳಿಸುತ್ತೆ. ಅದು ಹೋದರೆ ಕೆಳಗಿರೋದು ಕಪ್ಪು ಸಮುದ್ರ. ಅದು ಬಿಸಿಲು ಕುಡಿಯುತ್ತೆ. ಆ ಮೂಲೆ ಕಾದರೆ ಗಾಳಿಯ ದಾರಿ ಬದಲಾಗುತ್ತೆ. ಗಾಳಿ ದಾರಿ ಬದಲಾದರೆ ನಿಮ್ಮ ಕೆರೆಗೆ ಬರೋ ಮಳೆ ಬೇರೆ ಎಲ್ಲೋ ಒಂದೇ ದಿನಕ್ಕೆ ಸುರಿದು ಹೋಗುತ್ತೆ."

ಕದಿರಪ್ಪ ಸುಟ್ಟ ಅಂಗಾಲು ಉಜ್ಜಿಕೊಳ್ಳುತ್ತಾ, "ಇದನ್ನ ನೆರಳಲ್ಲಿ ಕೂತು ಹೇಳಿದ್ರೂ ತಿಳೀತಿತ್ತು ಮೇಡಂ," ಅಂದ.

ಕೆಲಸ ಹೀಗೆ. ಅಲ್ಲಿನ ಚಳಿಗಾಲದಲ್ಲಿ ಐಸಿಗೆ ತೂತು ಕೊರೆದು ಪಂಪು ಇಡುತ್ತಾರೆ. ಅಡಿಯ ಸಮುದ್ರದ ನೀರನ್ನೇ ಎತ್ತಿ ಐಸಿನ ಮೇಲೆ ಹರಿಸುವುದು. ಮೇಲಿನ ಗಾಳಿ ಸೊನ್ನೆಗಿಂತ ಮೂವತ್ತು ಮೂವತ್ತೈದು ಡಿಗ್ರಿ ಕೆಳಗೆ. ತೆಳ್ಳಗೆ ಹರಿದ ನೀರು ಗಟ್ಟಿಯಾಗುತ್ತದೆ. ಅದೂ ಅಲ್ಲದೆ ಐಸಿನ ಮೇಲೆ ಉದುರಿದ ಹಿಮ ಕಂಬಳಿ ಹೊದಿಸಿದ ಹಾಗೆ ಇರುತ್ತದಂತೆ. ಅದು ನೆಂದು ಗಟ್ಟಿಯಾದರೆ ಕಂಬಳಿ ತೆಗೆದ ಹಾಗೆ, ಚಳಿ ಕೆಳಕ್ಕಿಳಿದು ಅಡಿಯಿಂದಲೂ ಐಸು ಬೆಳೆಯುತ್ತದೆ. ದಪ್ಪ ಐಸು ಬೇಸಿಗೆ ದಾಟುತ್ತದೆ.

ಮೊದಲು ಇದನ್ನು ಕಂಪ್ಯೂಟರಿಗೇ ಬಿಟ್ಟಿದ್ದರು. ಐಸನ್ನು ತುಂಡು ತುಂಡಾಗಿ ಗುರುತು ಮಾಡಿದ್ದರು, ಅವನ್ನೇ ನಾವು ಗದ್ದೆ ಅನ್ನುವುದು. ಕಂಪ್ಯೂಟರು ಎಲ್ಲ ಗದ್ದೆಗೂ ಒಂದೇ ಸಮ ನೀರು ಬಿಟ್ಟಿತು. ಐಸೇನು ಅಂಗೈ ಹಾಗೆ ಸಮ ಇರುತ್ತದೆಯೇ? ನೀರೆಲ್ಲ ತಗ್ಗಿಗೆ ಓಡಿ, ಭಾರ ಬಿದ್ದು, ಸೀಳಿಕೊಂಡಿತು. ಆಗ ಯಾರೋ ಪುಣ್ಯಾತ್ಮರು, ನೀರಿನ ಓಟ ಬಲ್ಲವರನ್ನು ಕೂರಿಸಿ ನೋಡೋಣ ಅಂದರಂತೆ. ದೊಡ್ಡ ಸಮಿತಿಯಲ್ಲಿ ನಕ್ಕವರೇ ಹೆಚ್ಚು. ಹಳ್ಳಿಯವರ ಕೈಗೆ ಇಂಥ ಯಂತ್ರ ಕೊಡುವುದೇ ಅಂತ ಕೇಳಿದರು. ಆದರೂ ಊರ ಹೊರಗೆ ಒಂದು ಕೇಂದ್ರ ಕಟ್ಟಿ, ನಮ್ಮ ಆರು ಜನ ನೀರುಗಂಟಿಗಳನ್ನು ಪರದೆಯ ಮುಂದೆ ಕೂರಿಸಿದರು. ಶಾಖ ಕಾಣುವ ಕ್ಯಾಮೆರಾದಲ್ಲಿ ಐಸು ನೀಲಿ, ಹೊಸ ನೀರು ಹಳದಿ. ಹಳದಿ ಎಲ್ಲಿ ಹರಿಯಿತು, ಎಷ್ಟು ಬೇಗ ನೀಲಿಯಾಯಿತು ಅಂತ ನೋಡುತ್ತಾ ಪಂಪು ತೆಗೆಯುವುದು, ಮುಚ್ಚುವುದು. ನಮ್ಮ ಪಾಲಿಗೆ ನಲವತ್ತೊಂದು ಗದ್ದೆ, ಒಂದೊಂದೂ ಒಂದು ಮೈಲಿ ಅಗಲ. ಇಡೀ ಉತ್ತರ ಧ್ರುವವನ್ನೇನೂ ನಾವು ಕಾಯಲಿಲ್ಲ. ಒಂದು ಸಣ್ಣ ಊರಿನ ಮುಂದಿನ ಕೊಲ್ಲಿಯನ್ನು ಕಾದೆವು. ಅಲ್ಲಿ ಐಸು ಇಲ್ಲದಿದ್ದರೆ ಅಲೆ ಬಂದು ಊರಿನ ದಡವನ್ನೇ ತಿನ್ನುತ್ತಿತ್ತು.

ಒಂದು ವಿಷಯ ಮಾತ್ರ ವಿಜ್ಞಾನಿಗಳಿಗೆ ಬಗೆಹರಿಯಲಿಲ್ಲ. ಪ್ರತಿ ಸಾಲಿನ ಕೊನೆಯ ಗದ್ದೆಯಲ್ಲಿ ಅವರ ಲೆಕ್ಕಕ್ಕಿಂತ ಐಸು ಸ್ವಲ್ಪ ಹೆಚ್ಚು ಬರುತ್ತಿತ್ತು. ಯಾಕೆ ಅಂತ ತಿಳಿಯದು. ಐಸಿನ ವಿಜ್ಞಾನಿ ತನ್ವೀರ್ ಸಾರ್ ಅದರ ಮೇಲೆ ತಲೆ ಕೆಡಿಸಿಕೊಂಡು, ಗಾಳಿಯ ಸುಳಿಯಿಂದ ಹೀಗಾಗುತ್ತೆ ಅಂತ ಒಂದು ಪ್ರಬಂಧ, ಉಪ್ಪಿನಿಂದ ಹೀಗಾಗುತ್ತೆ ಅಂತ ಇನ್ನೊಂದು ಪ್ರಬಂಧ ಬರೆದರು. ನಾವು ಆರು ಜನ ಅದನ್ನು ಕೇಳಿಯೂ ಕೇಳದವರ ಹಾಗೆ ಕೂತಿದ್ದೆವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ನೀರುಗಂಟಿಗಳಲ್ಲಿ ಒಂದು ಪದ್ಧತಿ ಉಂಟು. ಕಾಲುವೆಯ ಕೊನೆಗಿರುವ ಗದ್ದೆಗೆ ನೀರು ಸೊರಗಿ ಬರುತ್ತದೆ. ದಾರಿಯಲ್ಲೇ ಅರ್ಧ ಇಂಗಿರುತ್ತದೆ. ಅದಕ್ಕೆ ಆ ಗದ್ದೆಯ ಸರದಿ ಮುಗಿದ ಮೇಲೂ ನೀರುಗಂಟಿ ಕೂಡಲೇ ಮಡೆಯ ಬಾಯಿ ಮುಚ್ಚುವುದಿಲ್ಲ. ಬದುವಿನ ಮೇಲೆ ಕೂತು, ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಬಾಯಿಗೆ ಹಾಕಿ, ರಸ ನುಂಗಿ, ಆಮೇಲೆ ಎದ್ದು ಮುಚ್ಚುವುದು. ಆ ಒಂದು ಎಲೆಅಡಿಕೆ ಹೊತ್ತಿನ ನೀರು ಕೊನೆ ಗದ್ದೆಯವರಿಗೆ. ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ತಲೆಗದ್ದೆಯವರು ಜಗಳಕ್ಕೆ ಬರುತ್ತಾರೆ. ಕೊನೆ ಗದ್ದೆಯವರೂ ಕೇಳುವ ಹಾಗಿಲ್ಲ. ನನ್ನ ಗಂಡ ನನಗೂ ಹೇಳಿರಲಿಲ್ಲ. ಅವನು ಕೂತು ಎಲೆ ಹಾಕುವುದನ್ನು ನೋಡಿ ನಾನೇ ತಿಳಿದುಕೊಂಡದ್ದು.

ಪರದೆಯ ಕೋಣೆಯಲ್ಲಿ ಎಲೆಅಡಿಕೆ ಹಾಕುವಂತಿಲ್ಲ ಅಂತ ಬೋರ್ಡು ಇತ್ತು. ಹಾಗಾಗಿ ಕೊನೆ ಗದ್ದೆಯ ಸರದಿ ಮುಗಿದಾಗ ಹೊರಗಿನ ಜಗಲಿಗೆ ಹೋಗಿ ಹಾಕಿಕೊಂಡು ಬರುತ್ತಿದ್ದೆ. ಪಂಪು ಓಡುತ್ತಲೇ ಇರುತ್ತಿತ್ತು. ಅಲ್ಲಿನ ಮೀಟರು ಚಳಿಗೆ ಆಗಾಗ ಕೈಕೊಡುತ್ತಿತ್ತಾದ್ದರಿಂದ ನಾವು ಪುಸ್ತಕದಲ್ಲಿ ಬರೆದದ್ದೇ ಪ್ರಮಾಣ. ಆ ಹೆಚ್ಚಿನ ನೀರು ಬಿಟ್ಟು ನಾನು ಬರೆಯುತ್ತಿದ್ದದ್ದು ಎರಡು ಬೆರಳು ದಪ್ಪ ನೀರು ಅಂತ.

ಅಲ್ಲಿ ಐಸಿನ ಮೇಲೆ ಕಾವಲಿಗೆ ಆ ಊರಿನವಳೇ ಒಬ್ಬಳು ಇದ್ದಳು. ಹೆಸರು ನಿವಿ. ನನಗಿಂತ ಹತ್ತು ವರ್ಷ ಚಿಕ್ಕವಳು. ನಾಯಿಗಳ ಗಾಡಿ ಕಟ್ಟಿಕೊಂಡು ಗದ್ದೆಯಿಂದ ಗದ್ದೆಗೆ ಹೋಗಿ, ತುದಿಗೆ ಕಬ್ಬಿಣ ಹಾಕಿದ ಕೋಲಿನಿಂದ ಐಸು ಕುಟ್ಟಿ, ಸದ್ದು ಕೇಳಿ, ಗಟ್ಟಿ, ಗಟ್ಟಿ ಇಲ್ಲ ಅಂತ ಹೇಳುವ ಕೆಲಸ. ಅವಳ ಮಾತನ್ನು ಯಂತ್ರ ಕನ್ನಡ ಮಾಡಿ ಹೇಳುತ್ತಿತ್ತು. ಯಂತ್ರದ ಕನ್ನಡ ಮದುವೆ ಕರೆಯೋಲೆ ಓದಿದ ಹಾಗಿರುತ್ತಿತ್ತು. ಅದಕ್ಕೆ ನಾವಿಬ್ಬರೂ ಮುಖ್ಯ ಮಾತನ್ನು ಬೆರಳಲ್ಲೇ ಆಡುತ್ತಿದ್ದೆವು. ಅವಳು ಕೈಗವಸು ಕಿತ್ತು ಬೆರಳು ತೋರಿಸಿ, ನೀರು ಎಷ್ಟು ಅನ್ನುವಳು. ನಾನು ಎರಡು ಬೆರಳು ಎತ್ತುವೆ. ಒಮ್ಮೆ ತನ್ನ ನಾಯಿಗಳನ್ನೆಲ್ಲ ಕ್ಯಾಮೆರಾ ಮುಂದೆ ಸಾಲಾಗಿ ನಿಲ್ಲಿಸಿ ಒಂದೊಂದರ ಹೆಸರು ಹೇಳಿದ್ದಳು. ನಾನು ನಮ್ಮ ಎಮ್ಮೆಯ ಫೋಟೋ ತೋರಿಸಿದ್ದೆ. ಇಷ್ಟು ದೊಡ್ಡ ನಾಯಿಯೇ ಅಂತ ಕೇಳಿ ಹೊಟ್ಟೆ ಹಿಡಿದು ನಕ್ಕಿದ್ದಳು.

ಏಳು ವರ್ಷದ ಹಿಂದಿನ ಆ ದಿನ ಅಲ್ಲಿ ತೆಂಕಣ ಗಾಳಿ ಬೀಸಿತ್ತು. ಚಳಿ ಮೂವತ್ತೈದರಿಂದ ಹನ್ನೆರಡಕ್ಕೆ ಇಳಿದಿತ್ತು. ಅಂಥ ಬೆಚ್ಚನೆ ಗಾಳಿ ಚಳಿಗಾಲದ ನಡುವೆ ಹಿಂದೆಲ್ಲ ಬರುತ್ತಿರಲಿಲ್ಲವಂತೆ. ಪರದೆಯಲ್ಲಿ ಹನ್ನೆರಡು ಅನ್ನುವುದು ನನಗೂ ಕಂಡಿತ್ತು. ಸೊನ್ನೆಗಿಂತ ಕೆಳಗೇ ಇದೆಯಲ್ಲ ಅಂದುಕೊಂಡೆ. ನಲವತ್ತೊಂದು ಬಡಕಲು ಗದ್ದೆ, ಅದನ್ನು ಕಂಡರೆ ನನಗೆ ಮರುಕ. ಜಗಲಿಗೆ ಹೋಗಿ ಎಲೆ ಹಾಕಿಕೊಂಡೆ. ಅಷ್ಟರಲ್ಲಿ ಚಿನ್ನಕ್ಕನ ಫೋನು. ಎಮ್ಮೆ ಈದಿದೆ, ಹೆಣ್ಣು ಕರು, ಹಣೆಯಲ್ಲಿ ಬಿಳಿ ಚುಕ್ಕಿ. ಕರುವಿನ ಕಾಲು, ಕಿವಿ, ಬಾಲ ಎಲ್ಲ ವಿಚಾರಿಸಿಕೊಂಡು ಒಳಗೆ ಬರುವಾಗ ಐದು ಬೆರಳು ನೀರು ನಿಂತಿತ್ತು. ಪುಸ್ತಕದಲ್ಲಿ ಎರಡು ಅಂತ ಬರೆದೆ.

ಮಾರನೇ ದಿನ ನಿವಿ ಪರದೆಗೆ ಬಂದಳು. ತುಪ್ಪಟದ ಟೋಪಿಯೊಳಗೆ ದುಂಡು ಮುಖ, ಹಣೆಗೆ ದೀಪ. ಬೆರಳು ಎತ್ತಿ ಕೇಳಿದಳು. ನಾನು ಎರಡು ಬೆರಳು ತೋರಿಸಿದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಹೇಳಬಾರದ್ದನ್ನು ಹೇಳದೆ ಅಭ್ಯಾಸ. ಅವಳು ಕೋಲಿನಿಂದ ಕುಟ್ಟಿದಳು. ಮೇಲಿನ ಪದರ ಗಟ್ಟಿಯಾಗಿ ಉತ್ತರ ಕೊಟ್ಟಿತು. ಎರಡೇ ಬೆರಳು ನೀರಾದರೆ ತಳದವರೆಗೂ ಗಟ್ಟಿಯಾಗಿರಲೇಬೇಕು. ಗಾಡಿ ಹೊಡೆದಳು.

ನಡುವೆ ಹೋದಾಗ ಮೇಲಿನ ಪದರ ಮುರಿಯಿತು. ಒಳಗೆ ಹಸಿ ಐಸಿನ ಅಂಬಲಿ. ಅದರ ಅಡಿಯ ಹಳೆ ಐಸೂ ಭಾರಕ್ಕೆ ಬಿರಿದಿತ್ತು. ನಿವಿಯನ್ನು ಊರಿನವರು ಎಳೆದು ಉಳಿಸಿದರು. ಎರಡು ನಾಯಿ ಹೋದವು. ಅವಳ ಎಡಗಾಲಿನ ಎರಡು ಬೆರಳು ಹೋದವು.

ಸಮಿತಿಯವರು ವಿಚಾರಣೆ ಮಾಡಿದರು. ಪುಸ್ತಕದಲ್ಲಿ ಎರಡು ಬೆರಳು, ಪರದೆಯ ಕೋಣೆಯಿಂದ ಹೇಳಿದ್ದೂ ಎರಡು ಬೆರಳು, ಆದ್ದರಿಂದ ಕಾವಲಿನವಳೇ ಐಸನ್ನು ಸರಿಯಾಗಿ ನೋಡಿಲ್ಲ ಅಂತ ತೀರ್ಮಾನಿಸಿ ಅವಳನ್ನು ಕೆಲಸದಿಂದ ತೆಗೆದರು. ಐಸು ಓದಲು ಬರದವಳು ಅನ್ನಿಸಿಕೊಳ್ಳುವುದು ಆ ಊರಲ್ಲಿ ಎಂಥ ಮಾತೋ! ನಮ್ಮಲ್ಲಿ ಒಬ್ಬಳನ್ನು ನೀರು ಕದ್ದವಳು ಅಂದ ಹಾಗಿರಬೇಕು.

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಆರೂ ಜನರನ್ನು ಮನೆಗೆ ಕಳಿಸುತ್ತಾರೆ, ಗದ್ದೆಗಳನ್ನು ಮತ್ತೆ ಕಂಪ್ಯೂಟರಿಗೆ ಕೊಡುತ್ತಾರೆ, ಐಸು ಮತ್ತೆ ಸೀಳುತ್ತದೆ ಅಂತ ನನಗೆ ನಾನೇ ಕಾರಣ ಹೇಳಿಕೊಂಡೆ. ಕಾರಣ ಸುಳ್ಳೂ ಅಲ್ಲ. ಆದರೆ ಅದರ ಕೆಳಗೆ ಬರೀ ಹೆದರಿಕೆಯೂ ಇತ್ತು.

ಅಲ್ಲಿವರೆಗೆ ಪುಸ್ತಕಕ್ಕೆ ಹಾಕುವ ಅಂಕಿ ಬಿಟ್ಟರೆ ನನಗೆ ಅಕ್ಷರ ಬರುತ್ತಿರಲಿಲ್ಲ. ಆ ವರ್ಷವೇ ಊರಲ್ಲಿ ದೊಡ್ಡವರ ರಾತ್ರಿ ಶಾಲೆಗೆ ನಾನೂ ಚಿನ್ನಕ್ಕನೂ ಹೋಗುತ್ತಿದ್ದೆವು. ಪರೀಕ್ಷೆಗೆ ಒಂದು ಕಾಗದ ಬರೆಯಿರಿ ಅಂದರು ಮೇಷ್ಟ್ರು. ಚಿನ್ನಕ್ಕ ಕರೆಂಟಿನ ಆಫೀಸಿಗೆ ಬರೆದು ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಳು. ನಾನು ನಿವಿಗೆ ಬರೆದೆ, ಮೇಷ್ಟ್ರಿಗೆ ತೋರಿಸದೆ ಮಡಿಚಿಟ್ಟೆ. ಅದು ಏಳು ವರ್ಷ ಕಂಚಿನ ಡಬ್ಬಿಯಲ್ಲಿ, ಅರಿಶಿನ ಕೊಂಬಿನ ಜೊತೆ ಕೂತಿತ್ತು.

ಚಿನ್ನಕ್ಕನಿಗೆ ಗೊತ್ತಿತ್ತು. ವರ್ಷಕ್ಕೊಂದು ಸಲ, ಆ ಕರು ಹುಟ್ಟಿದ ದಿನ, ಡಬ್ಬಿಯನ್ನು ನನ್ನ ಮುಂದೆ ಕುಕ್ಕುತ್ತಿದ್ದಳು.

ಐಸಿನ ಫೋನು ಬಂದ ದಿನ ಸಂಜೆಯೂ ತಂದು ಕುಕ್ಕಿದಳು.

"ಈಗ್ಯಾಕೆ? ಕರುವಿನ ದಿನ ಇನ್ನೂ ದೂರ ಐತೆ," ಅಂದೆ.

"ಕರು ಅಂತೆ ಕರು! ಆ ಕರೂಗೇ ಈಗ ಎರಡು ಕರು ಆದ್ವು. ನಾಳೆ ಆ ಐಸು ಕೊಯ್ದರೆ ಒಳಗೆ ನಿನ್ನ ಕಳ್ಳತನ ಕಾಣ್ಸಲ್ವಾ?"

"ಕಾಣಿಸಬೌದು."

"ಅವ್ರು ಕಂಡು ಹಿಡ್ದು ಕೇಳೋಕಿಂತ ಮುಂಚೆ ನೀನೇ ಹೇಳ್ಬಿಡು ಅಕ್ಕಯ್ಯಮ್ಮಾ. ಕೊಟ್ಟಿದ್ದು ತಪ್ಪಲ್ಲ ಕಣೇ. ಆ ಹೆಂಗಸು ಬೆರಳು ತೋರಿಸಿ ಕೇಳಿದಾಗ್ಲೂ ಹೇಳ್ಲಿಲ್ವಲ್ಲ, ಅದು ತಪ್ಪು."

"ನೀನು ಫೋನು ಮಾಡದಿದ್ರೆ…"

"ಹೌದಮ್ಮಾ, ನಂದೇ ತಪ್ಪು, ಎಮ್ಮೇದೇ ತಪ್ಪು! ಎಮ್ಮೆ ಕೈಲಿ ಕಾಗದ ಬರೆಸು, ಹೋಗು."

ಅವಳು ಬೈದದ್ದಕ್ಕೆ ನನಗೆ ನಗು ಬಂತು. ಅವಳಿಗೂ ಬಂತು. ಆದರೆ ಡಬ್ಬಿ ಅಲ್ಲೇ ಇತ್ತು.

ಮಾರನೇ ದಿನ ಕೇಂದ್ರದ ಶೀತಲ ಕೋಣೆಗೆ ನಮ್ಮನ್ನು ಕರೆದುಕೊಂಡು ಹೋದರು. ಹೊರಗೆ ಮೇ ತಿಂಗಳ ಬಿಸಿಲು. ಒಳಗೆ ಹೋಗಲು ಮೊಣಕಾಲುದ್ದದ ಕೋಟು, ಕೈಗೆ ಗವಸು. ಕದಿರಪ್ಪ ಕೋಟು ಹಾಕಿಕೊಂಡು ಗಾಜಿನಲ್ಲಿ ನೋಡಿಕೊಂಡು, "ಕರಡಿ ಆಡಿಸೋನು ಬೇಕು ಈಗ ಒಬ್ಬ," ಅಂದ.

ಹನ್ನೆರಡು ವರ್ಷ ಪರದೆಯಲ್ಲಿ ನೀಲಿ ಬಣ್ಣವಾಗಿ ನೋಡಿದ್ದ ಐಸನ್ನು ಆವತ್ತು ಮೊದಲ ಸಲ ಕಣ್ಣಾರೆ ನೋಡಿದೆ. ಬಾಳೆದಿಂಡಿನಷ್ಟು ದಪ್ಪ, ನಾಲ್ಕು ತುಂಡು, ಉದ್ದನೆ ತಟ್ಟೆಯಲ್ಲಿ ಮಲಗಿಸಿದ್ದರು. ಕೆಳಗಿನಿಂದ ದೀಪ ಹಾಕಿದಾಗ ಒಳಗಿನ ಪದರಗಳು ಕಂಡವು, ಬೀರುವಿನಲ್ಲಿ ಮಡಿಚಿಟ್ಟ ಬಿಳಿ ಸೀರೆಗಳ ಹಾಗೆ. ಒಂದೊಂದು ಕಟ್ಟೂ ಒಂದೊಂದು ಚಳಿಗಾಲ.

"ಏಳು ಬೇಸಿಗೆ ದಾಟಿದ ಐಸು ಇದು," ಅಂದರು ತನ್ವೀರ್ ಸಾರ್. "ಆ ಕೊಲ್ಲಿಯಲ್ಲಿ ಬೇಸಿಗೆ ದಾಟಿದ ಐಸು ಅನ್ನೋದೇ ಮೂವತ್ತು ವರ್ಷದಿಂದ ಇರಲಿಲ್ಲ. ಮುಟ್ಟಿ ನೋಡಿ. ನಿಮ್ಮದೇ."

ಗವಸು ಕಿತ್ತು ಬರಿಗೈಯಲ್ಲಿ ಮುಟ್ಟಿದೆ. ಸುಟ್ಟ ಹಾಗಾಯಿತು. ಆ ಬಡಕಲು ಗದ್ದೆ ಇಷ್ಟು ಗಟ್ಟಿಯಾಗಿ ಬೆಳೆದಿದೆಯಲ್ಲ ಅಂತ ಇನ್ನೊಂದು ಸಲ ಮುಟ್ಟಿದೆ. ಬಿರಿದದ್ದು ಕೂಡಿಕೊಂಡಿದೆ, ಮೇಲೆ ಮೇಲೆ ಹಾಕಿದ ತೆಳ್ಳನೆ ಕೈಗಳೆಲ್ಲ ಕಚ್ಚಿ ಕೂತಿವೆ.

ಅಷ್ಟರಲ್ಲಿ ಸಾರ್ ಬೆರಳು ಕೆಳಗಿನ ತುಂಡಿನ ಮೇಲೆ ನಿಂತಿತು. ಅಲ್ಲಿ ಎಲ್ಲಕ್ಕಿಂತ ದಪ್ಪನೆಯ, ಹಾಲು ಒಡೆದ ಹಾಗಿದ್ದ ಒಂದು ಪಟ್ಟಿ.

"ಇದೇ ಆ ಅಪಘಾತದ ವರ್ಷದ್ದು," ಅಂದರು. "ಇಷ್ಟು ನೀರು ಪಂಪಿನಿಂದ ಬಂದಿಲ್ಲ, ಪುಸ್ತಕದಲ್ಲಿ ಎರಡೇ ಬೆರಳಿದೆ. ಮಳೆಯೂ ಅಲ್ಲ, ಉಪ್ಪಿದೆ. ಅಂದರೆ ಹತ್ತಿರದಲ್ಲೇ ಬಿರುಕು ಬಿಟ್ಟು ಸಮುದ್ರದ ನೀರು ತಾನಾಗಿ ಮೇಲಕ್ಕೆ ಉಕ್ಕಿರಬೇಕು. ಕಾವಲಿನವಳು ಆ ಬಿರುಕನ್ನ ನೋಡಬೇಕಿತ್ತು. ನೋಡಿಲ್ಲ. ಅಲ್ಲಿಗೆ ಆ ವಿಚಾರಣೆ ಸರಿಯಾಗೇ ಇತ್ತು ಅಂತಾಯ್ತು. ಬರೆದು ಮುಗಿಸಿಬಿಡೋಣ ಮೇಡಂ."

ವಾರಿಜಾ ಮೇಡಂ ತಲೆಯಾಡಿಸಿ ಪೆನ್ನು ತೆಗೆದರು. ಆ ಚಳಿಗೆ ಪೆನ್ನು ಬರೆಯಲಿಲ್ಲ. ಜಾಡಿಸಿದರು. ಮತ್ತೆ ಜಾಡಿಸಿದರು.

ನಾನು ಹೆದರಿಕೊಂಡು ಬಂದದ್ದು ಸಿಕ್ಕಿಬೀಳುತ್ತೇನೆ ಅಂತ. ಈಗ ನೋಡಿದರೆ ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ತೆಗೆದುಕೊಟ್ಟಿದ್ದರು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಇಲ್ಲದ ಬಿರುಕೊಂದು ಹುಟ್ಟಿ, ನಿವಿ ಇನ್ನೊಂದು ಸಲ ಅದರೊಳಗೆ ಬೀಳುತ್ತಿದ್ದಳು. ಈ ಸಲ ಎಳೆಯುವವರೂ ಇರುತ್ತಿರಲಿಲ್ಲ.

"ಅದು ಬಿರುಕಲ್ಲ ಸಾರ್," ಅಂದೆ. "ಅದು ನನ್ನ ಎಲೆಅಡಿಕೆ."

ಯಾರಿಗೂ ಅರ್ಥವಾಗಲಿಲ್ಲ. ಸಾರ್ ಐಸಿನ ಮೇಲೆ ಬಗ್ಗಿ ಅಡಿಕೆ ಚೂರು ಹುಡುಕತೊಡಗಿದರು.

"ಒಳಗಿಲ್ಲ ಸಾರ್. ಹೊತ್ತು. ಎಲೆಅಡಿಕೆ ಹೊತ್ತು," ಅಂತ ಶುರು ಮಾಡಿ ಎಲ್ಲ ಹೇಳಿದೆ. ಕೊನೆ ಗದ್ದೆ, ಜಗಲಿ, ಎಮ್ಮೆ ಕರು, ಐದು ಬೆರಳು, ನಿವಿ ಕೇಳಿದ್ದು, ನಾನು ತೋರಿಸಿದ್ದು. ಮಾತು ಬಾಯಿಂದ ಹೊಗೆಯಾಗಿ ಹೊರಗೆ ಬರುತ್ತಿತ್ತು. "ಇದು ನನ್ನೊಬ್ಬಳದು ಮೇಡಂ. ಕಳಿಸೋದಾದ್ರೆ ನನ್ನೊಬ್ಬಳನ್ನೇ ಕಳಿಸಿ. ಉಳಿದ ಐದು ಜನಕ್ಕೂ ಇದಕ್ಕೂ ಏನೂ ಇಲ್ಲ."

ಪಕ್ಕದಲ್ಲಿದ್ದ ಕದಿರಪ್ಪ ಕೆಮ್ಮಿದ.

"ಏನೂ ಇಲ್ಲ ಅನ್ನೋದು ಹೆಂಗಮ್ಮಾ," ಅಂದ. "ಮೇಡಂ, ನಂದು ಹದಿನಾಲ್ಕನೇ ಗದ್ದೆ ಸಾಲಿನ ಕೊನೇದು. ಅದಕ್ಕೆ ದಿನಾ ಒಂದು ಎಲೆ ಹೊತ್ತು ಕೊಟ್ಟಿದ್ದೀನಿ. ಹಬ್ಬದ ದಿನ ಎರಡು."

"ಇಪ್ಪತ್ತೆಂಟಕ್ಕೆ ನಾನು," ಅಂತು ಹಿಂದಿನಿಂದ ಒಂದು ದನಿ. "ನಾನು ಎಲೆ ಬಿಟ್ಟೆ, ಹಲ್ಲಿಲ್ಲ. ಕಾಫಿ ಕುಡೀತೀನಿ. ಅದು ಇನ್ನೂ ತಡ." ಒಬ್ಬೊಬ್ಬರಾಗಿ ಆರೂ ಜನ ಒಪ್ಪಿಕೊಂಡೆವು. ಅಷ್ಟು ವರ್ಷ ಒಂದೇ ಜಗಲಿಯಲ್ಲಿ ಕೂತು, ಒಬ್ಬರ ಸುಣ್ಣದ ಡಬ್ಬಿ ಒಬ್ಬರು ಇಸಕೊಂಡು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ತನ್ವೀರ್ ಸಾರ್ ಎರಡೂ ಕೈ ತಲೆ ಮೇಲಿಟ್ಟುಕೊಂಡರು. "ಕೊನೆ ಗದ್ದೆಗಳ ಹೆಚ್ಚುವರಿ ಐಸು! ಎಲ್ಲ ಸಾಲಿನಲ್ಲೂ! ಅಯ್ಯೋ ಅಮ್ಮಂದಿರಾ, ಗಾಳಿ ಸುಳಿ ಅಂತ ಒಂದು ಪ್ರಬಂಧ ಬರೆದೆ, ಉಪ್ಪು ಅಂತ ಒಂದು ಬರೆದೆ. ಎರಡು ದೇಶಕ್ಕೆ ಹೋಗಿ ಭಾಷಣ ಮಾಡಿ ಬಂದೆ!"

"ಗಾಳಿ ಚೆನ್ನಾಗೇ ಬೀಸಿದ್ದೀರಿ ಸಾರ್," ಅಂದ ಕದಿರಪ್ಪ.

ಮೊದಲು ನಕ್ಕವರು ವಾರಿಜಾ ಮೇಡಂ. ಆಮೇಲೆ ಎಲ್ಲರೂ. ನಕ್ಕು ಮುಗಿದ ಮೇಲೆ ಮೇಡಂ ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು ಇರಲಿಲ್ಲ.

"ಅಕ್ಕಯ್ಯಮ್ಮಾ, ಇದನ್ನ ನಾನು ಸಮಿತಿಗೆ ಬರೆಯಲೇಬೇಕು. ಅವರು ಏನು ಮಾಡ್ತಾರೆ ಅಂತ ಈಗ ಹೇಳಲಾರೆ. ಆ ಹೆಂಗಸು ಏಳು ವರ್ಷ ಮಾಡದ ತಪ್ಪು ಹೊತ್ತಿದ್ದಾಳೆ."

"ಅದಕ್ಕೇ ಹೇಳಿದ್ದು ಮೇಡಂ."

ಹದಿನೆಂಟು ದಿನ ಕಾದೆವು. ಆ ದಿನಗಳಲ್ಲಿ ನಾನು ಕೇಂದ್ರಕ್ಕೆ ಹೋಗಲಿಲ್ಲ, ಮೇಡಮ್ಮೇ ಬೇಡ ಅಂದಿದ್ದರು. ಮನೆಯಲ್ಲಿ ಏನು ಮಾಡುವುದು? ರಾಗಿ ಕೇರಿದೆ, ಅಟ್ಟ ಗುಡಿಸಿದೆ, ಒಣಗಿದ್ದ ಅಂಗಳವನ್ನೇ ಮತ್ತೆ ಸಾರಿಸಿದೆ. ಚಿನ್ನಕ್ಕ ಒಂದು ಸಲವೂ ಜಗಳಕ್ಕೆ ಬರಲಿಲ್ಲ. ಸಾರಿಗೆ ಉಪ್ಪು ಮರೆತರೂ ಸುಮ್ಮನೆ ಉಂಡಳು. ಅದನ್ನು ಕಂಡು ನನಗೆ ಇನ್ನೂ ಭಯವಾಗುತ್ತಿತ್ತು.

ಹತ್ತೊಂಬತ್ತನೇ ದಿನ ವಾರಿಜಾ ಮೇಡಂ ಮನೆಗೇ ಬಂದರು. ಚಿನ್ನಕ್ಕ ಚಾಪೆ ಹಾಸಿದಳು. ಮೇಡಂ ಕೂತು, ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟರು.

"ನಿವಿಯ ಮೇಲಿನ ಮಾತು ತೆಗೆದುಹಾಕಿದ್ದಾರೆ," ಅಂದರು. "ತಪ್ಪು ಪರದೆಯ ಕೋಣೆಯದು, ಕಾವಲಿನವಳದ್ದಲ್ಲ ಅಂತ ಅವರ ಊರಿನ ಸಭೆಯಲ್ಲೇ ಓದಿ ಹೇಳ್ತಾರೆ. ಕೆಲಸಕ್ಕೂ ವಾಪಸ್ ಕರೆದಿದ್ದಾರೆ."

"ಬದುಕಿದ್ದಾಳಲ್ಲ?" ಅಂದೆ. ಏಳು ವರ್ಷ ಕೇಳಲು ಹೆದರಿದ್ದ ಮಾತು ಅದು.

"ಚೆನ್ನಾಗಿದ್ದಾಳೆ. ಹೊಸ ನಾಯಿಗಳನ್ನ ಸಾಕಿದ್ದಾಳಂತೆ."

ಚಿನ್ನಕ್ಕ ಬಾಗಿಲ ಹಿಂದಿನಿಂದ, "ಇವಳ ಗತಿ ಏನಮ್ಮಾ?" ಅಂದಳು.

"ಬರೋ ಚಳಿಗಾಲ ಪುಸ್ತಕ ಮುಟ್ಟೋ ಹಾಗಿಲ್ಲ, ಇನ್ನೊಬ್ಬರ ಪಕ್ಕ ಕೂತು ಕೆಲಸ. ಅಷ್ಟೇ. ಆರು ಜನರನ್ನೂ ಉಳಿಸಿಕೊಂಡಿದ್ದಾರೆ. ಗದ್ದೆ ಕಾದದ್ದು ಆ ಕೈಗಳೇ ಅಂತ ಐಸೇ ಹೇಳಿತಲ್ಲ. ಆದರೆ ಒಂದು ಷರತ್ತು." ಮೇಡಂ ಚೀಲದಿಂದ ಹೊಸ ಪುಸ್ತಕ ತೆಗೆದು ಬಿಚ್ಚಿ ತೋರಿಸಿದರು. ಗದ್ದೆ, ಚಳಿ, ಹೊತ್ತು, ನೀರು ಅಂತ ಹಳೇ ಕಾಲಮ್ಮುಗಳು. ಕೊನೆಗೆ ಹೊಸದೊಂದು ಅಚ್ಚಾಗಿತ್ತು. ಎಲೆಅಡಿಕೆ. "ಕೊಡಿ. ಬೇಡ ಅನ್ನಲ್ಲ. ಎಷ್ಟು ಕೊಟ್ಟಿರಿ ಅಂತ ಬರೆಯಿರಿ. ಸೊನ್ನೆಗಿಂತ ಇಪ್ಪತ್ತೈದು ಕೆಳಗಿಲ್ಲದ ದಿನ ಕೊಡಬೇಡಿ."

ನನಗೆ ಅಳು ಬಂತು. ಹೆದರಿಕೆಯ ಅಳುವಲ್ಲ. ತಲೆ ಮೇಲಿದ್ದ ಹುಲ್ಲಿನ ಹೊರೆ ಇಳಿಸಿದ ಮೇಲೂ ಕುತ್ತಿಗೆ ಸ್ವಲ್ಪ ಹೊತ್ತು ಹಾಗೇ ನೆಟ್ಟಗಿರುತ್ತದಲ್ಲ, ಹಾಗೆ ಕೂತಿದ್ದೆ. ಹೊರಗೆ ಬಿಳಿ ಚುಕ್ಕಿಯ ಎಮ್ಮೆ ಅರಚಿತು. ಚಿನ್ನಕ್ಕ ಎದ್ದು ಹೋಗಿ, ಎಮ್ಮೆಗೆ ಹುಲ್ಲು ಹಾಕಿ, ವಾಪಸ್ ಬರುವಾಗ ಕಂಚಿನ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಈ ಸಲ ಕುಕ್ಕಲಿಲ್ಲ.

ಕಾಗದ ಬಿಚ್ಚಿದೆ. ಅರಿಶಿನದ ಕಲೆ. ಒಂದೊಂದು ಅಕ್ಷರವೂ ಗದ್ದೆಗೆ ಬಿಟ್ಟ ಕರುವಿನ ಹಾಗೆ ಒಂದೊಂದು ಕಡೆ. ಮೇಡಂ ನೋಡಿ, "ಹೊಸದಾಗಿ ಬರೆಯಬಾರದಾ? ಈಗ ನಿಮ್ಮ ಅಕ್ಷರ ಎಷ್ಟು ಚೆನ್ನಾಗಿದೆ," ಅಂದರು.

"ಬೇಡ ಮೇಡಂ. ಆವತ್ತೇ ಬರೆದಿದ್ದೆ ಅನ್ನೋದೂ ಗೊತ್ತಾಗಲಿ, ಕಳಿಸಿರಲಿಲ್ಲ ಅನ್ನೋದೂ ಗೊತ್ತಾಗಲಿ."

ಕೆಳಗೆ ಜಾಗವಿತ್ತು. ಅಲ್ಲಿ ಎರಡು ಸಾಲು ಸೇರಿಸಿದೆ: ಇದನ್ನು ಏಳು ವರ್ಷ ಇಟ್ಟುಕೊಂಡಿದ್ದೆ. ನಿನ್ನ ಗದ್ದೆಯ ಐಸು ಮುಟ್ಟಿ ನೋಡಿದೆ, ತುಂಬ ಗಟ್ಟಿಯಾಗಿದೆ.

ಆವತ್ತೇ ಮಧ್ಯಾಹ್ನ ನಾನೂ ಚಿನ್ನಕ್ಕನೂ ಬಸ್ಸಿಗೆ ಕಾದು ಪೇಟೆಯ ಪೋಸ್ಟಾಫೀಸಿಗೆ ಹೋದೆವು. ವಿಳಾಸವನ್ನು ಮೇಡಂ ಬರೆದುಕೊಟ್ಟಿದ್ದರು. ಕಿಟಕಿಯಲ್ಲಿದ್ದ ಹುಡುಗಿ ಅದನ್ನು ಎರಡು ಸಲ ಓದಿದಳು.

"ಅಜ್ಜಿ, ಇದು ಎಲ್ಲಿದೆ?"

"ಮೇಲೆ. ಇನ್ನು ಅದಕ್ಕಿಂತ ಮೇಲೆ ಊರಿಲ್ಲ."

"ಹೋಗೋಕೆ ತಿಂಗಳಾಗುತ್ತೆ. ಅರ್ಜೆಂಟಾ?"

ಚಿನ್ನಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅರ್ಜೆಂಟೇ ಕಣಮ್ಮಾ," ಅಂದಳು. "ಏಳು ವರ್ಷದಿಂದ ಅರ್ಜೆಂಟು."

"ಒಳಗೇನಿದೆ ಅಂತ ಈ ಚೀಟೀಲಿ ಬರೀಬೇಕು ಅಜ್ಜಿ. ಹೊರದೇಶಕ್ಕಲ್ವಾ? ನಾನು ಬರೆದುಕೊಡಲಾ?"

"ನಂಗೇ ಬರುತ್ತೆ," ಅಂದೆ.

ಪೆನ್ನು ಇಸಕೊಂಡು ಕಾಗದ ಅಂತ ಬರೆದೆ. ಅಂಟಿಸುವ ಮುಂಚೆ ಒಂದು ಸಲ ಬಿಚ್ಚಿ ಮೊದಲ ಸಾಲು ನೋಡಿಕೊಂಡೆ. ನಿವಿ, ಆವತ್ತು ನೀರು ಎರಡು ಬೆರಳಲ್ಲ, ಐದು ಬೆರಳು. ಪಕ್ಕದಲ್ಲಿ ಅಂಗೈ ಇಟ್ಟು ಸುತ್ತ ಗೆರೆ ಎಳೆದಿದ್ದೆ, ಯಂತ್ರ ಸರಿಯಾಗಿ ಹೇಳದಿದ್ದರೂ ಅವಳಿಗೆ ಕಾಣಲಿ ಅಂತ. ಐದೂ ಬೆರಳು ಬಿಡಿಸಿದ ಕೈ.

ಅಂಟು ಹಚ್ಚಿ ಒತ್ತಿ, ಕಿಟಕಿಯೊಳಗೆ ಕೊಟ್ಟೆ. ಹುಡುಗಿ ಠಪ್ ಅಂತ ಮುದ್ರೆ ಒತ್ತಿ, ಹಿಂದಿದ್ದ ಚೀಲಕ್ಕೆ ಹಾಕಿದಳು.